ಮರ ಕುಡೀತಿದ್ದ ನೀರು

ಅಜ್ಜ, ಅಂದ್ರೆ ಈ ಹೊಲದ ವಯಸ್ಸಾದ ರೈತ, ಅಂತರ್ಜಲ ಅಳೆಯೋಕೆ ನೆಲಕ್ಕೆ ಇಳಿಸಿರೋ ಪೈಪೊಳಗೆ ಟೇಪ್ ಇಳಿಬಿಟ್ರು. ಟೇಪಿನ ತುದೀಲಿ ಬೋರಲು ಹಾಕಿದ ಪುಟ್ಟ ಬಟ್ಟಲಿನ ತರ ಒಂದು ಲೋಹದ ತುಂಡು ಇರುತ್ತೆ, ಅದು ಕೆಳಗೆ ನೀರಿಗೆ ತಾಗಿದ ತಕ್ಷಣ ಪ್ಲಪ್ ಅಂತ ಸದ್ದು. "1.7 ಮೀಟರ್" ಅಂದ್ರು. ನಾನು ಖುಷೀಲಿ, ಅಯ್ಯೋ ಇಷ್ಟು ಹತ್ರಾನೇ ನೀರಿದೆಯಾ, ಪುಣ್ಯವಂತರು ನೀವು ಅಂದ್ಬಿಟ್ಟೆ. ಅವರು ಏನೂ ಹೇಳ್ಲಿಲ್ಲ, ಟೇಪ್ ಮೇಲಕ್ಕೆಳೆದು ಆ ಒದ್ದೆ ತುದೀನ ನನ್ನ ಬೆರಳಿಗೆ ಒರೆಸಿ ನಾಲಿಗೆಗೆ ಮುಟ್ಟಿಸಿ ನೋಡು ಅಂದ್ರು. ಸಮುದ್ರದಲ್ಲಿ ಮುಳುಗಿ ನೀರು ಬಾಯಿಗೆ ಹೋದಂಗಾಯ್ತು. ಸಮುದ್ರ ಇಲ್ಲಿಂದ ಇನ್ನೂರೈವತ್ತು ಕಿಲೋಮೀಟರ್ ದೂರ.

ಅಂತರ್ಜಲ ಮೇಲೆ ಬಂದ್ರೆ ಸಂತೋಷ, ಕೆಳಗೆ ಹೋದ್ರೆ ಸಂಕಟ, ಇದು ನಮಗೆಲ್ಲ ಗೊತ್ತಿರೋ ಲೆಕ್ಕ. ಅಂತರ್ಜಲ ಮೇಲೆ ಬರ್ತಿದೆ ಅಂತ ನಿದ್ದೆಗೆಡೋ ರೈತರನ್ನ ನಾನು ನೋಡಿದ್ದು ಇಲ್ಲೇ ಮೊದಲು. ಪಶ್ಚಿಮ ಆಸ್ಟ್ರೇಲಿಯಾದ ವೀಟ್‌ಬೆಲ್ಟ್, ಅಂದ್ರೆ ಗೋಧಿ ಸೀಮೆ ಇದು, ಪರ್ತ್‌ನಿಂದ ಪೂರ್ವಕ್ಕೆ ಗ್ರೇಟ್ ಈಸ್ಟರ್ನ್ ಹೈವೇ ಹಿಡಿದು ಬಂದ್ರೆ ಮೆರಡಿನ್ ಅನ್ನೋ ಊರು ಸಿಗುತ್ತೆ, ಅದರ ಆಸುಪಾಸಲ್ಲಿ ಕೆಲಸದ ಮೇಲೆ ನಾನು ಬಂದು ಎರಡು ವರ್ಷ ಆಯ್ತು. ಮೊದಲ ಸಲ ಬಂದಾಗ ಕಣ್ಣಿಗೆ ಬಿದ್ದಿದ್ದು ಬರೀ ಗೋಧಿ, ದಿಗಂತದ ತನಕ ಗೋಧಿ, ಚೆಂದ ಅನ್ನಿಸ್ತು. ಆಮೇಲೆ ಒಂದೊಂದೇ ಕಾಣೋಕೆ ಶುರುವಾಯ್ತು, ತಗ್ಗಿನ ಜಾಗದಲ್ಲೆಲ್ಲ ನಿಂತಲ್ಲೇ ಒಣಗಿ ಬೂದಿ ಬಣ್ಣಕ್ಕೆ ತಿರುಗಿರೋ ಮರಗಳು, ಅವುಗಳ ಬುಡದಲ್ಲಿ ಬೆಳ್ಳಗೆ ಪೊರೆ ಕಟ್ಟಿರೋ ನೆಲ. ಫೋಟೋ ನೋಡಿದ ಗೆಳತಿಯರು ಅಲ್ಲಿ ಹಿಮ ಬೀಳುತ್ತಾ ಅಂತ ಕೇಳಿದ್ರು. ಅದು ಉಪ್ಪು. ಕಾಲಿಟ್ರೆ ಹಪ್ಪಳದಂಗೆ ಮುರಿಯುತ್ತೆ, ಒಳಗೆ ಕೆಸರು.

ಸವಳು ಅನ್ನೋ ಪದ ನಮ್ಮಲ್ಲಿ ರೈತರ ಬಾಯಲ್ಲಿ ಇದೆಯಲ್ಲ, ಅದೇ. ಆದ್ರೆ ನಾವು ಸವಳು ಅಂದ್ರೆ ಕಾಲುವೆ ನೀರು ಹೆಚ್ಚಾಗಿ ಹಾಳಾದ ಗದ್ದೆ ಅಂತ ತಿಳ್ಕೋತೀವಿ. ಇಲ್ಲಿ ಕಾಲುವೇನೇ ಇಲ್ಲ, ಪೂರ್ತಿ ಮಳೆ ನಂಬ್ಕೊಂಡಿರೋ ಬೇಸಾಯ, ಅದೂ ವರ್ಷಕ್ಕೆ ಸುಮಾರು 300 ಮಿಲಿಮೀಟರ್ ಮಳೆ. ಹೊರಗಿಂದ ಯಾರೂ ನೀರು ತಂದು ಸುರೀಲಿಲ್ಲ. ಮರ ಕಡಿದ್ರು, ಅಷ್ಟೇ.

ಇದು ಹೆಂಗೆ ಅಂತ ಅರ್ಥ ಆಗೋಕೆ ನಂಗೆ ಸ್ವಲ್ಪ ದಿನ ಹಿಡೀತು. ಸಮುದ್ರದ ಕಡೆಯಿಂದ ಬರೋ ಮಳೆ ಗಾಳೀಲಿ ಚೂರು ಉಪ್ಪು ಇದ್ದೇ ಇರುತ್ತೆ, ಒಂದು ಹೆಕ್ಟೇರಿಗೆ ವರ್ಷಕ್ಕೆ ಹತ್ತಾರು ಕಿಲೋ ಅಷ್ಟೆ, ಏನೂ ಅಲ್ಲ. ಆದ್ರೆ ಈ ನೆಲ ಬಹಳ ಹಳೇದು, ಬಹಳ ಚಪ್ಪಟೆ, ನೀರು ಹರಿದು ಸಮುದ್ರಕ್ಕೆ ವಾಪಸ್ ಹೋಗೋ ದಾರೀನೇ ಸರಿಯಾಗಿಲ್ಲ, ಹಂಗಾಗಿ ಸಾವಿರಾರು ವರ್ಷದಿಂದ ಬಿದ್ದ ಉಪ್ಪೆಲ್ಲ ಮಣ್ಣಿನ ಆಳದಲ್ಲಿ ಕೂತ್ಕೊಂಡಿತ್ತು, ಒಂದೊಂದು ಹೆಕ್ಟೇರಿನ ಕೆಳಗೆ ನೂರಾರು ಟನ್, ಕೆಲವು ಕಡೆ ಸಾವಿರಾರು. ಅದು ಅಲ್ಲೇ ಇರೋ ಹಂಗೆ ನೋಡ್ಕೊಂಡಿದ್ದು ಮೇಲಿದ್ದ ಕಾಡು. ಸಾಲ್ಮನ್ ಗಮ್, ಗಿಮ್ಲೆಟ್, ಯಾರ್ಕ್ ಗಮ್, ಮ್ಯಾಲಿ ಪೊದೆಗಳು, ಇವೆಲ್ಲ ವರ್ಷವಿಡೀ ಹಸಿರಾಗಿರೋ, ಬೇರು ಆಳಕ್ಕೆ ಬಿಡೋ ಗಿಡಮರ. ಬಿದ್ದ ಮಳೇನ ಹೆಚ್ಚುಕಮ್ಮಿ ಪೂರ್ತಿ ಅವೇ ಕುಡಿದು ಗಾಳಿಗೆ ಬಿಡ್ತಿದ್ವು, ಆಳಕ್ಕೆ ಒಂದು ಹನಿ ಇಳಿಯೋದೂ ಕಷ್ಟ. ಗೋಧಿ ಹಂಗಲ್ಲ, ಚಳಿಗಾಲದಲ್ಲಿ ಕೆಲವು ತಿಂಗಳು ಇದ್ದು ಹೋಗುತ್ತೆ, ಬೇರೂ ಗಿಡ್ಡ. ಅದು ಕುಡಿಯದೆ ಬಿಟ್ಟ ನೀರು ವರ್ಷಾ ವರ್ಷಾ ಕೆಳಗೆ ಇಳಿದು, ಅಂತರ್ಜಲ ಏರಿ, ದಾರೀಲಿರೋ ಉಪ್ಪನ್ನೆಲ್ಲ ಕರಗಿಸ್ಕೊಂಡು ಮೇಲಕ್ಕೆ ಬರುತ್ತೆ. ನೆಲಕ್ಕೆ ಎರಡು ಮೀಟರ್ ಹತ್ರ ಬಂತು ಅಂದ್ರೆ ಮುಗೀತು, ಅಲ್ಲಿಂದ ಮಣ್ಣೇ ದೀಪದ ಬತ್ತಿ ಎಣ್ಣೆ ಎಳ್ಕೊಳ್ಳೋ ಹಂಗೆ ಅದನ್ನ ಎಳ್ಕೊಳುತ್ತೆ, ನೀರು ಬಿಸಿಲಿಗೆ ಆರುತ್ತೆ, ಉಪ್ಪು ಉಳಿಯುತ್ತೆ. ಮೊದಲು ಹೋಗೋದು ತಗ್ಗಿನ ಭೂಮಿ, ಅಂದ್ರೆ ಇದ್ದಿದ್ರಲ್ಲಿ ಒಳ್ಳೆ ಭೂಮಿ.

ನಂಗೆ ಹೊಟ್ಟೆ ಉರಿಯೋದು ಯಾವುದಕ್ಕೆ ಅಂದ್ರೆ, ಇದು ಗೊತ್ತಿಲ್ಲದೆ ಆಗಿದ್ದಲ್ಲ. ಡಬ್ಲ್ಯೂ. ಇ. ವುಡ್ ಅಂತ ಒಬ್ಬ ರೈಲ್ವೆ ಇಂಜಿನಿಯರ್, ಉಗಿಬಂಡಿಗಳಿಗೆ ಬೇಕಾದ ಸಿಹಿನೀರು ಯಾಕೆ ಉಪ್ಪಾಗ್ತಿದೆ ಅಂತ ನೋಡ್ತಾ ನೋಡ್ತಾ, ಕಾಡು ಕಡಿದ ಮೇಲೆ ಮಣ್ಣಿಗೂ ಹಳ್ಳಕ್ಕೂ ಉಪ್ಪು ಬರುತ್ತೆ ಅಂತ 1924ರಲ್ಲೇ ಬಿಡಿಸಿ ಬರೆದು ಪ್ರಕಟ ಮಾಡಿದ್ರು. ಸಮುದ್ರದ ಉಪ್ಪು, ಮಳೆ, ಬೇರು, ಅಂತರ್ಜಲ ಎಲ್ಲಾ ಅದ್ರಲ್ಲಿದೆ. ಅದಾದ ಮೇಲೂ, 1960ರ ದಶಕದಲ್ಲಿ ಇಲ್ಲಿನ ಸರ್ಕಾರದ ಘೋಷಣೆ ವರ್ಷಕ್ಕೆ ಹತ್ತು ಲಕ್ಷ ಎಕರೆ ಕಾಡು ತೆರವು! ಇಲ್ಲಿನ ಮೂಲನಿವಾಸಿಗಳಾದ ಬಲ್ಲರ್ಡಾಂಗ್ ನೂಂಗಾರ್ ಜನ ಎಷ್ಟೋ ಸಾವಿರ ವರ್ಷ ಬಾಳಿದ ನೆಲ ಇದು, ಅವರನ್ನಂತೂ ಯಾರೂ ಕೇಳ್ಲಿಲ್ಲ.

ಅಜ್ಜನ ಅಪ್ಪಂಗೆ ಭೂಮಿ ಸಿಕ್ಕಿದ್ದು ಷರತ್ತಿನ ಮೇಲೆ, ಇಷ್ಟು ವರ್ಷದೊಳಗೆ ಇಷ್ಟು ಕಡೀಬೇಕು, ಇಲ್ಲಾಂದ್ರೆ ಭೂಮಿ ವಾಪಸ್. ಅಜ್ಜ ಹುಡುಗ ಆಗಿದ್ದಾಗ ಎರಡು ಟ್ರ್ಯಾಕ್ಟರ್ ನಡುವೆ ದಪ್ಪ ಸರಪಳಿ ಕಟ್ಟಿ ಎಳ್ಕೊಂಡು ಹೋಗ್ತಿದ್ರಂತೆ, ಮಧ್ಯೆ ಇದ್ದಿದ್ದೆಲ್ಲ ಉರುಳ್ತಿತ್ತು, ಒಣಗಿದ ಮೇಲೆ ಬೆಂಕಿ. ಇದನ್ನ ಹೇಳ್ತಾ ಅವರು ತಲೆ ಎತ್ತಿ ನನ್ನ ಮುಖ ನೋಡ್ಲಿಲ್ಲ. ಅವರ ಮೇಲೆ ನಂಗೆ ಸಿಟ್ಟು ಬರ್ಲಿಲ್ಲ, ಕಷ್ಟಪಟ್ಟು ದುಡಿಯೋದು ಅಂದ್ರೆ ಅದೇ ಅಂತ ಅವರಿಗೆ ಕಲಿಸಿದ್ರು.

ಇವತ್ತು ಈ ರಾಜ್ಯದ ನೈಋತ್ಯ ಭಾಗದಲ್ಲಿ 10 ಲಕ್ಷ ಹೆಕ್ಟೇರಿಗಿಂತ ಹೆಚ್ಚು ಕೃಷಿಭೂಮಿಗೆ ಉಪ್ಪು ಹಿಡಿದಿದೆ. ಏವನ್ ನದಿ ಉಪ್ಪು. ಕಾಲೀ ನದಿಗೆ ಕಟ್ಟಿರೋ ವೆಲ್ಲಿಂಗ್ಟನ್ ಡ್ಯಾಮ್ ನೋಡೋಕೆ ಹೋಗಿದ್ದೆ, ಡ್ಯಾಮ್ ಗೋಡೆ ಮೇಲೆ 2021ರಲ್ಲಿ ಬರೆದ ಭಾರಿ ದೊಡ್ಡ ಚಿತ್ರ ಇದೆ, ಜನ ಅದಕ್ಕೇ ಬರ್ತಾರೆ, ಸೆಲ್ಫಿ ತಗೋತಾರೆ. ಅದರ ಹಿಂದೆ ತುಂಬಿ ನಿಂತಿರೋ ನೀರು ಕುಡಿಯೋಕೆ ಆಗಲ್ಲ ಅನ್ನೋದು ಗೊತ್ತಾದ ಮೇಲೆ ನಂಗೆ ಫೋಟೋ ತೆಗೆಯೋ ಮನಸ್ಸಾಗ್ಲಿಲ್ಲ. ಡ್ಯಾಮ್‌ಗೆ ನೀರು ಹರಿದು ಬರೋ ಮೇಲ್ಭಾಗದಲ್ಲಿ ಮರ ಕಡಿಯೋದಕ್ಕೆ ನಿರ್ಬಂಧ ಹಾಕಿದ್ದು 1976ರಲ್ಲಿ, ಅಷ್ಟೊತ್ತಿಗೆ ಕಡಿದಾಗಿತ್ತು.

ಹಕ್ಕಿಗಳ ಕಥೆ ಇನ್ನೂ ಬೇರೆ. ಕಾರ್ನಬಿ ಕಾಕಟೂ ಅಂತ ಕಪ್ಪು ದೊಡ್ಡ ಗಿಳಿ ಇದೆ, ಸಾಲ್ಮನ್ ಗಮ್, ವಾಂಡೂ ಮರಗಳ ಪೊಟರೇಲಿ ಮರಿ ಮಾಡುತ್ತೆ, ಆ ಅಳತೆಯ ಪೊಟರೆ ಆಗೋಕೆ ಮರಕ್ಕೆ ನೂರು ವರ್ಷ ದಾಟಬೇಕು. ಪೊಟರೆ ಉಳಿಸಿದ್ರೆ ಸಾಕು ಅಂತಾನೂ ಅಲ್ಲ, ಸುತ್ತ ಬ್ಯಾಂಕ್ಸಿಯಾ, ಹೇಕಿಯಾ ಪೊದೆ ಇರಬೇಕು, ಇಲ್ಲಾಂದ್ರೆ ತಾಯಿ ತಂದೆ ಎಷ್ಟು ಹಾರಿದ್ರೂ ಮರಿಗೆ ಸಾಲಲ್ಲ. ಮ್ಯಾನ್‌ಮ್ಯಾನಿಂಗ್ ಅನ್ನೋ ಕಡೆ 1970ರ ದಶಕದಲ್ಲಿ ಹಿಂಗೇ ಈ ಹಕ್ಕಿಗಳ ಒಂದು ಗುಂಪು, ಅಧ್ಯಯನ ಮಾಡ್ತಿದ್ದವರ ಕಣ್ಣೆದುರಿಗೇ ಇಲ್ಲವಾಯ್ತು. ಮರ ಇತ್ತು, ಊಟ ಇರ್ಲಿಲ್ಲ.

ಪೂರ್ವಕ್ಕೆ ಇನ್ನೂ ಹೋದ್ರೆ ಮೊಲ ತಡೆಯೋಕೆ ಅಂತ 1901ರಿಂದ 1907ರವರೆಗೆ ಕಟ್ಟಿದ ಉದ್ದದ ಬೇಲಿ ಇದೆ. ಎಷ್ಟೋ ಜಾಗದಲ್ಲಿ ಅದರ ಈ ಕಡೆ ಹೊಲ, ಆ ಕಡೆ ಕಡಿಯದ ಕಾಡು. ಬೇಸಿಗೇಲಿ ಎಷ್ಟೋ ಸಲ ಮೋಡ ಕಟ್ಟೋದು ಆ ಕಡೆ ಮಾತ್ರ, ಈ ಕಡೆ ಆಕಾಶ ಬೋಳು, ವಿಜ್ಞಾನಿಗಳು ವಿಮಾನದಲ್ಲಿ ಹಾರಿ ಅಳತೆ ಮಾಡಿದಾರೆ. ಕಾಡಿನ ಬಣ್ಣ ಗಾಢ, ಮೈ ಒರಟು, ಗಾಳಿ ಬಿಸಿಯಾಗಿ ಮೇಲೇಳುತ್ತೆ, ಕೊಯ್ಲಾದ ಹೊಲದ ಮೇಲೆ ಅಷ್ಟು ಏಳಲ್ಲ. ನಾನೂ ಒಂದು ಸಲ ಹೋಗಿ ಬೇಲಿ ಹತ್ರ ನಿಂತೆ, ಅವತ್ತು ಎರಡೂ ಕಡೆ ಮೋಡ ಇರ್ಲಿಲ್ಲ, ಆದ್ರೂ ಆ ಗೆರೆ ನೋಡಿ ಬಂದಿದ್ದು ಒಳ್ಳೇದಾಯ್ತು.

ಮತ್ತೆ ಗಿಡ ನೆಟ್ರೆ ಆಯ್ತಲ್ಲ ಅಂತ ಕೇಳ್ತೀರ. ಅಲ್ಲೊಂದು ಇಲ್ಲೊಂದು ಸಾಲು ನೆಟ್ರೆ ಅಂತರ್ಜಲ ಇಳಿಯಲ್ಲ, ಇಳಿಸ್ಬೇಕು ಅಂದ್ರೆ ಹೊಲದ ದೊಡ್ಡ ಪಾಲೇ ಕಾಡಾಗ್ಬೇಕು, ಆಮೇಲೆ ರೈತ ಬದುಕೋದು ಹೆಂಗೆ. ಉಪ್ಪು ಏರಿದ ಜಾಗದಲ್ಲಂತೂ ಹಳೇ ಮರ ಬದುಕಲ್ಲ. ಅಜ್ಜ ಅಲ್ಲಿ ಸಾಲ್ಟ್‌ಬುಷ್ ಹಾಕಿದಾರೆ, ಬೂದು ಹಸಿರು ಎಲೆಯ ಗಿಡ, ಉಪ್ಪು ತಡ್ಕೊಳ್ಳುತ್ತೆ, ಕುರಿಗೆ ಮೇವಾಗುತ್ತೆ, ಕನಿಷ್ಠ ಬರಿ ನೆಲ ಗಾಳಿಗೆ ಹಾರೋದು ನಿಲ್ಲುತ್ತೆ. ಹೋದ ಚಳಿಗಾಲದಲ್ಲಿ ಮೂರು ಭಾನುವಾರ ನಾನೂ ನೆಟ್ಟೆ, ಬೆನ್ನು ಬಿದ್ದೋಯ್ತು. ಸುಮಾರು ಗಿಡ ಹಿಡಿದಿವೆ.

ಮೊನ್ನೆ ಮತ್ತೆ ಅಳೆದ್ವಿ, ಈ ಸಲ ಟೇಪ್ ಬಿಟ್ಟಿದ್ದು ನಾನು. ಪ್ಲಪ್ ಅಂದಿದ್ದು ಅದೇ 1.7ರಲ್ಲಿ. ಅಜ್ಜ ಮೂವತ್ತು ವರ್ಷದಿಂದ ಬರೀತಿರೋ ನೋಟ್‌ಬುಕ್ ಕೊಟ್ರು, ಮೊದಲ ಪುಟದಲ್ಲಿ 5.2 ಅಂತಿತ್ತು. ಕೊನೇ ಸಾಲಿನ ಕೆಳಗೆ ತಾರೀಕು ಹಾಕಿ ನಾನೇ ಬರೆದೆ. ಅವರು ನೋಡಿ, ಏರಿಲ್ಲ ಅಲ್ವಾ, ಅಂದ್ರು.