ಹಾಗಲಕಾಯಿ ಪಲ್ಯಕ್ಕೆ ಡಬ್ಬಿ ಮಾಂಸ

ಜಪಾನಿನ ದಕ್ಷಿಣದ ದ್ವೀಪ ಓಕಿನಾವಾದ ಅಡುಗೆ ವಿಡಿಯೋ ನೋಡುತ್ತಿದ್ದೆ. ಹಾಗಲಕಾಯಿ, ತೋಫು, ಮೊಟ್ಟೆ ಹಾಕಿ ಹುರಿದರು. ಆಮೇಲೆ ಸ್ಪ್ಯಾಮ್ ಡಬ್ಬಿ ತೆರೆದು ಮಾಂಸದ ತುಂಡುಗಳನ್ನೂ ಸುರಿದರು! 1945ರ ಯುದ್ಧದ ನಂತರ ಅಮೆರಿಕದ ಸೈನ್ಯದ ಜೊತೆ ಬಂದ ರುಚಿ ಇದು.

ಒಂದು ಕಾಲಕ್ಕೆ ಓಕಿನಾವಾ ರ್ಯೂಕ್ಯೂ ಅನ್ನುವ ಬೇರೆಯೇ ರಾಜ್ಯ. 1879ರಲ್ಲಿ ಜಪಾನ್ ನುಂಗಿತು. ಯುದ್ಧದ ಮೇಲೆ 1972ರವರೆಗೂ ಅಮೆರಿಕದ ಆಡಳಿತ. ಅಂಗಡಿಯಲ್ಲಿ ಡಾಲರ್, ರಸ್ತೆಯಲ್ಲಿ ಬಲಗಡೆ ಓಡಾಟ. ಗಾಡಿಗಳು ಎಡಕ್ಕೆ ಬಂದಿದ್ದು 1978ರ ಜುಲೈ 30ಕ್ಕೆ. ಆ ಬೆಳಗ್ಗೆ ಬಸ್ ಓಡಿಸಿದವರ ಪಾಡು ಏನಾಗಿತ್ತೋ!

ಡಾಲರ್ ಹೋಯಿತು, ಸೈನ್ಯ ಹೋಗಲಿಲ್ಲ. ಜಪಾನಿನ ನೆಲದಲ್ಲಿ ಓಕಿನಾವಾದ ಪಾಲು ಸುಮಾರು 0.6%. ಆದರೆ ಇಡೀ ಜಪಾನಿನಲ್ಲಿ ಅಮೆರಿಕದ ಸೈನ್ಯಕ್ಕೇ ಅಂತ ಬಿಟ್ಟಿರುವ ಜಾಗದಲ್ಲಿ ಸುಮಾರು 70% ಇರುವುದು ಇಲ್ಲೇ. ಫುಟೆನ್ಮಾ ವಿಮಾನ ನೆಲೆಯಂತೂ ಊರ ನಟ್ಟನಡುವೆ. 2017ರಲ್ಲಿ ಹೆಲಿಕಾಪ್ಟರಿನ ಕಿಟಕಿ ಕಳಚಿ ಪಕ್ಕದ ಪ್ರಾಥಮಿಕ ಶಾಲೆಯ ಮೈದಾನಕ್ಕೇ ಬಿತ್ತು. ಆಗ ಮಕ್ಕಳು ಅಲ್ಲೇ ಇದ್ದರು.

ಈ ನೆಲೆಯನ್ನು ಅದೇ ದ್ವೀಪದ ಹೆನೊಕೊಗೆ ಸಾಗಿಸೋಕೆ ಈಗ ಹವಳದ ಸಮುದ್ರಕ್ಕೆ ಮಣ್ಣು ತುಂಬಿಸುತ್ತಿದ್ದಾರೆ. 2019ರಲ್ಲಿ ಇದರ ಬಗ್ಗೆ ಓಕಿನಾವಾದಲ್ಲಿ ಜನಮತ ಕೇಳಿದಾಗ, ಮತ ಹಾಕಿದವರಲ್ಲಿ 70%ಗಿಂತ ಜಾಸ್ತಿ ಜನ ಬೇಡ ಅಂದರು. ಕೆಲಸ ನಿಲ್ಲಲಿಲ್ಲ. ಅಮೆರಿಕವನ್ನು ಬೈಯೋದು ಸುಲಭ, ಆದರೆ ನನಗೆ ಜಾಸ್ತಿ ಸಿಟ್ಟು ಟೋಕಿಯೋ ಮೇಲೆ. ಭದ್ರತೆ ಇಡೀ ದೇಶಕ್ಕೆ, ಸದ್ದು ಮಾತ್ರ ಇವರಿಗೆ. ಹಾಗಂತ ದ್ವೀಪದವರೆಲ್ಲ ಒಂದೇ ಮಾತಿನವರೂ ಅಲ್ಲ. ನೆಲೆಯಲ್ಲೇ ಕೆಲಸ ಮಾಡುವವರಿದ್ದಾರೆ, ಜಾಗದ ಬಾಡಿಗೆ ಪಡೆಯುವವರೂ ಇದ್ದಾರೆ.