ಬಿ-ಪಿಲ್ಲರ್ ಕಪ್ಪು ಪಟ್ಟಿ ಗೀರಿನ ಕೆಲಸ: ಎಡಗಡೆ ಮುಗೀತು, ಬಲಗಡೆ ಬಾಕಿ

ನನ್ನ ಕಾರಲ್ಲಿ ಮುಂದಿನ ಬಾಗಿಲು, ಹಿಂದಿನ ಬಾಗಿಲ ನಡುವಿನ ಕಂಬದ (ಬಿ-ಪಿಲ್ಲರ್) ಹತ್ರ ಪಿಯಾನೋ ಬ್ಲ್ಯಾಕ್, ಅಂದ್ರೆ ಕನ್ನಡಿ ಥರ ಹೊಳೆಯೋ ಕಪ್ಪು ಪ್ಲಾಸ್ಟಿಕ್ ಪಟ್ಟಿಗಳಿವೆ. ಬಿಸಿಲು ಬಿದ್ರೆ ಅದರ ಮೇಲಿನ ಸಣ್ಣ ಗೀರೆಲ್ಲ ಜೇಡರ ಬಲೆ ಥರ ಕಾಣ್ತಿತ್ತು, ಎಡಗಡೆ ಎರಡೂ ಪಟ್ಟಿ ಈ ಭಾನುವಾರ ಮುಗಿಸ್ದೆ.

ಮೊದಲು ಶಾಂಪೂ ಹಾಕಿ ತೊಳೆದು, ಕಿಟಕಿ ರಬ್ಬರಿಗೆಲ್ಲ ಮಾಸ್ಕಿಂಗ್ ಟೇಪ್ ಹಚ್ಚಿದೆ, ಯಾಕಂದ್ರೆ ಪಾಲಿಶ್ ರಬ್ಬರ್ ಸಂದಿಗೆ ಹೋಗಿ ಒಣಗಿದ್ರೆ ಬೆಳ್ಳಗೆ ಕೂತ್ಕೊಳ್ಳುತ್ತೆ, ತೆಗೆಯೋದೇ ಒಂದು ಕೆಲಸ. ಆಮೇಲೆ ಪ್ರತಿ ಗೀರಿನ ಮೇಲೂ ಅಡ್ಡಡ್ಡ ಉಗುರು ಆಡಿಸಿ ನೋಡ್ದೆ. ಮುಕ್ಕಾಲುಪಾಲು ಉಗುರಿಗೆ ಸಿಗ್ಲೇ ಇಲ್ಲ, ಅಂದ್ರೆ ಮೇಲ್ಮೇಲಿನವು, ಪಾಲಿಶಿಗೆ ಹೋಗ್ತವೆ. ಹಿಂದಿನ ಬಾಗಿಲ ಪಟ್ಟಿಲಿ ಕೀ ತಾಗಿದ್ದು ಒಂದು ಮಾತ್ರ ಉಗುರು ತಡೀತು, ಅದನ್ನ ಪೂರ್ತಿ ತೆಗೆಯೋಕೆ ಹೋದ್ರೆ ಸುತ್ತಲೂ ತುಂಬಾ ಸವೆಸಬೇಕು, ಅಂಚು ಮಂದ ಆದ್ರೆ ಸಾಕು ಅಂತ ಬಿಟ್ಟೆ.

ಕೆಳಗಿನ ಮೂಲೇಲಿ ಎರಡು ಇಂಚು ಜಾಗದಲ್ಲಿ ಟ್ರಯಲ್ ಮಾಡಿದ್ದು ಒಳ್ಳೇದಾಯ್ತು. ಕಟಿಂಗ್ ಕಾಂಪೌಂಡ್ (ಗೀರು ಸವೆಸೋ ಒರಟು ಪಾಲಿಶ್) ಹಾಕಿದ್ರೆ ಗೀರೇನೋ ಹೋಯ್ತು, ಆದ್ರೆ ಮೇಲೆಲ್ಲ ಮಂಜು ಮಂಜು. ಈ ಪ್ಲಾಸ್ಟಿಕ್ ಮೆತ್ತಗೆ, ಕೆಲವು ಕಾರಲ್ಲಿ ಇದರ ಮೇಲೆ ಕ್ಲಿಯರ್ ಕೋಟೂ (ಬಣ್ಣ ಕಾಯೋ ಪಾರದರ್ಶಕ ಪದರ) ಇರಲ್ಲ, ಬಾಡಿ ಪೇಂಟಿಗೆ ಸರಿಹೋಗೋ ಕಾಂಪೌಂಡ್ ಇದಕ್ಕೆ ಜಾಸ್ತಿನೇ. ಅದಕ್ಕೇ ಕೊನೇಲಿ ಹೊಳಪಿಗೆ ಹಾಕೋ ನುಣುಪಾದ ಫಿನಿಶಿಂಗ್ ಪಾಲಿಶ್, ಮೆತ್ತನೆ ಫೋಮ್ ಪ್ಯಾಡ್, ಕೈಯಲ್ಲೇ, ಭಾರ ಹಾಕದೆ ನಾಲ್ಕೈದು ಸಲ ಮಾಡ್ದೆ. ಮಷೀನ್ ಬೇಡ ಅನ್ನಿಸ್ತು, ಪಟ್ಟಿ ಸಣ್ಣದು, ಅಂಚಲ್ಲಿ ಬಿಸಿ ಏರಿದ್ರೆ ಪ್ಲಾಸ್ಟಿಕ್ ಹಾಳಾಗುತ್ತೆ.

ಒರೆಸಿದ ತಕ್ಷಣ ಕನ್ನಡಿ ಥರ ಕಂಡ್ರೂ ನಂಬಲಿಲ್ಲ, ಪಾಲಿಶಲ್ಲಿರೋ ಎಣ್ಣೆ ಸಣ್ಣ ಗೀರುಗಳನ್ನ ಮುಚ್ಚಿಬಿಡುತ್ತೆ. ಆ ಎಣ್ಣೆ ಹೋಗ್ಲಿ ಅಂತ ಐಸೊಪ್ರೊಪೈಲ್ ಆಲ್ಕೋಹಾಲಿಗೆ ಜಾಸ್ತಿ ನೀರು ಬೆರೆಸಿ (ಗಟ್ಟಿ ಇದ್ರೆ ಅಕ್ರಿಲಿಕ್ ಥರದ ಪ್ಲಾಸ್ಟಿಕ್ ಸೀಳು ಬಿಡಬಹುದು) ಒರೆಸಿ, ಟಾರ್ಚನ್ನ ಓರೆಯಾಗಿ ಹಿಡಿದು ನೋಡ್ದೆ. ನಿಜವಾಗ್ಲೂ ಹೋಗಿತ್ತು!

ಬೇಜಾರಾಗಿದ್ದು ಮಾರನೇ ಬೆಳಗ್ಗೆ. ಮುಂದಿನ ಪಟ್ಟಿ ಮೇಲೆ ತೆಳ್ಳಗೆ ಧೂಳು ಕೂತಿತ್ತು, ಕೈಲಿದ್ದ ಮೈಕ್ರೋಫೈಬರ್ ಬಟ್ಟೆಯಿಂದ ಒಂದೇ ಸಲ ಒಣದಾಗಿ ಎಳೆದೆ ಅಷ್ಟೇ, ಮೂರು ಹೊಸ ಗೀರು. ಬಟ್ಟೆ ತೊಳೆದಿದ್ದೇ, ತಪ್ಪು ಬಟ್ಟೇದಲ್ಲ, ಧೂಳಿನ ಕಣಾನ ನಾನೇ ಪ್ಲಾಸ್ಟಿಕ್ ಮೇಲೆ ಉಜ್ಜಿದ್ದು. ಇಷ್ಟು ದಿನದ ಆ ಜೇಡರ ಬಲೆ ಹೀಗೇ ಆಗಿರೋದು ಅಂತ ಅವಾಗ ಗೊತ್ತಾಯ್ತು, ದಿನಾ ಹೊರಡೋ ಮುಂಚೆ ಒರೆಸ್ತಿದ್ದೆ ನಾನು. ಈಗ ಧೂಳಿದ್ರೆ ನೀರು ಹಾಕ್ತೀನಿ, ಅದಾಗ್ದಿದ್ರೆ ಒರೆಸದೆ ಹಾಗೇ ಬಿಡ್ತೀನಿ.

ಆ ಪಟ್ಟಿಗೆ ಮತ್ತೆ ಪಾಲಿಶ್ ಮಾಡಿ ಅವತ್ತೇ ಎರಡಕ್ಕೂ ಪಿಪಿಎಫ್ (ಪೇಂಟ್ ಪ್ರೊಟೆಕ್ಷನ್ ಫಿಲ್ಮ್, ಮೇಲೆ ಅಂಟಿಸೋ ಪಾರದರ್ಶಕ ಹಾಳೆ) ಹಾಕಿದೆ. ಸೆರಾಮಿಕ್ ಕೋಟಿಂಗ್ (ಹಚ್ಚಿದ್ರೆ ಗಟ್ಟಿಯಾಗೋ ದ್ರವದ ಲೇಪ) ಹಾಕೋಣ ಅಂತಿದ್ದೆ, ಆದ್ರೆ ಅದು ತೀರಾ ತೆಳು, ತೊಳೆಯೋಕೆ ಸುಲಭ ಆಗುತ್ತೆ ಹೊರತು ಧೂಳಿನ ಉಜ್ಜಾಟ ತಡೆಯಲ್ಲ, ಫಿಲ್ಮ್ ಆದ್ರೆ ಗೀರು ತನ್ನ ಮೇಲೆ ತಗೊಳ್ಳುತ್ತೆ. ಪಟ್ಟಿಗೂ ಫಿಲ್ಮಿಗೂ ಶಾಂಪೂ ನೀರು ಚಿಮುಕಿಸಿ, ಜಾರಿಸಿ ಕೂರಿಸಿ, ನಡುವಿಂದ ಹೊರಗಡೆಗೆ ಸ್ಕ್ವೀಜಿ (ನೀರು ತಳ್ಳೋ ಚಪ್ಪಟೆ ಪಟ್ಟಿ) ಎಳೆದು, ಅಂಚಿಗೆ ಹೇರ್ ಡ್ರೈಯರ್ ಶಾಖ ಕೊಟ್ಟು ಒತ್ತಿದೆ. ಒಂದು ಮೂಲೇಲಿ ನೀರಿನ ಗುಳ್ಳೆ ಉಳಿದಿತ್ತು, ಇವತ್ತು ಬೆಳಗ್ಗೆ ನೋಡಿದ್ರೆ ಅರ್ಧಕ್ಕರ್ಧ ಇಳಿದಿದೆ.

ಬಲಗಡೆ ಮುಂದಿನ ಭಾನುವಾರ, ಈ ಸಲ ಪಾಲಿಶ್ ಹಿಡಿಯೋ ಮುಂಚೆನೇ ಫಿಲ್ಮ್ ಅಳತೆಗೆ ಕತ್ತರಿಸಿ ಇಟ್ಕೊಳ್ತೀನಿ.