ಪೆಟ್ಟಿಗೆ ತೋರಿಸದ ದಿನ

ಸಂಜೆ ವಿನೋಬನಗರದ ಅಕ್ಕನ ಮನೆಗೆ ಹೋಗಿದ್ದೆ. ಜೋರು ಮಳೆ, ಕರೆಂಟಿಲ್ಲ. ಅಕ್ಕನ ಮಗ ಕತ್ತಲಲ್ಲೇ ಪಿಎಸ್4 ಅನ್ನೋ ವಿಡಿಯೋ ಗೇಮ್ ಯಂತ್ರದ ಕಂಟ್ರೋಲರ್ ಹಿಡಿದು ಕೂತಿದ್ದ. ಎಡಗಡೆ ಸ್ಟಿಕ್ಕಿನ ರಬ್ಬರ್ ಸವೆದು ಒಳಗಿನ ಪ್ಲಾಸ್ಟಿಕ್ ಕಾಣುತ್ತಿತ್ತು.

"ಮಾವ, ಇದನ್ನ ಮೊದಲು ತೋರಿಸಿದ್ದು ಯಾವಾಗ?" ಅಂದ.

2013ರ ಫೆಬ್ರವರಿ, ನ್ಯೂಯಾರ್ಕ್. ಸೋನಿಯವರು ಈ ಕಂಟ್ರೋಲರ್ ತೋರಿಸಿದರು, ಆಟಗಳನ್ನು ತೋರಿಸಿದರು. ಆಟ ಓಡಿಸುವ ಪೆಟ್ಟಿಗೆಯನ್ನೇ ತೋರಿಸಲಿಲ್ಲ!

ಮೇ ತಿಂಗಳಲ್ಲಿ ಮೈಕ್ರೋಸಾಫ್ಟ್‌ನವರು ಎಕ್ಸ್‌ಬಾಕ್ಸ್ ಒನ್ ಎಂಬ ತಮ್ಮ ಗೇಮ್ ಯಂತ್ರದ ಪೆಟ್ಟಿಗೆಯನ್ನು ಎದುರಿಗೇ ಇಟ್ಟರು. ಆದರೆ ಟಿವಿಯ ಮಾತೇ ಜಾಸ್ತಿಯಾಯಿತು. ಬೆಲೆಯ ಬಗ್ಗೆ ಇಬ್ಬರೂ ಬಾಯಿಬಿಟ್ಟಿರಲಿಲ್ಲ. ಜೂನ್ 10ರಂದು ಲಾಸ್ ಏಂಜಲೀಸ್‌ನಲ್ಲಿ ಒಂದೇ ದಿನ ಎರಡರ ಬೆಲೆಯೂ ಹೊರಬಿತ್ತು. ಬೆಳಿಗ್ಗೆ ಎಕ್ಸ್‌ಬಾಕ್ಸ್‌ಗೆ 499 ಡಾಲರ್. ಸಂಜೆ ಸೋನಿಯವರು 399 ಅಂದರು. ಸಭೆಯಲ್ಲಿ ಕೇಕೆಯೋ ಕೇಕೆ.

ಎಲ್ಲರೂ ಆ ಸಂಜೆಯನ್ನೇ ನೆನೆಯುತ್ತಾರೆ. ನನಗೆ ಮಾತ್ರ ಫೆಬ್ರವರಿಯೇ ಇಷ್ಟ. ಮೊದಲು ಕೈಗೆ ಸಿಗುವುದನ್ನು ತೋರಿಸಿದ್ದರು. ಆಡುವವರು ದಿನಾ ಮುಟ್ಟುವುದು ಇದನ್ನೇ ಅಲ್ವಾ? ಪೆಟ್ಟಿಗೆ ಸುಮ್ನೆ ಟಿವಿ ಕೆಳಗೆ ಕೂತಿರುತ್ತದೆ.

ಹುಡುಗ ಸವೆದ ಸ್ಟಿಕ್ಕಿನ ಮೇಲೆ ಹೆಬ್ಬೆರಳು ಆಡಿಸುತ್ತಾ ಕೇಳುತ್ತಿದ್ದ. ಹೊರಗೆ ಮಳೆ ಇನ್ನೂ ಬಿಟ್ಟಿರಲಿಲ್ಲ.